‘ಇವತ್ತು ಸಹಿ ಮಾಡಿದರೆ ಮಾತ್ರ’: ಹಾಲಿಡೇ ಮೆಂಬರ್‌ಶಿಪ್ ಹೆಸರಿನಲ್ಲಿ ನಮಗಾದ ಮೋಸ

ಕಳೆದ ಭಾನುವಾರ ಗೋಣಿಕೊಪ್ಪದ ಪೆಟ್ರೋಲ್ ಬಂಕಿನಲ್ಲಿ ಜೀಪಿಗೆ ಡೀಸೆಲ್ ಹಾಕಿಸಲು ನಿಂತಾಗ, ಗಾಳಿ ತುಂಬಿಸುವ ಜಾಗದ ಪಕ್ಕದಲ್ಲಿ ಮತ್ತೆ ಅದೇ ಬಗೆಯ ಮೇಜು ಕಾಣಿಸಿತು. ಕೆಂಪು ಬಟ್ಟೆ ಹೊದಿಸಿದ ಮೇಜು, ಅದರ ಮೇಲೊಂದು ಗಾಜಿನ ಪೆಟ್ಟಿಗೆ, ಹೆಸರು ಮತ್ತು ಮೊಬೈಲ್ ನಂಬರಿನ ಜೊತೆಗೆ ‘ವಿವಾಹಿತರೇ’, ‘ಕ್ರೆಡಿಟ್ ಕಾರ್ಡ್ ಇದೆಯೇ’ ಎಂದು ಕೇಳುವ ಚೀಟಿ. ನನ್ನ ಮುಂದೆ ನಿಂತಿದ್ದ ಪರಿಚಯದ ಹಿರಿಯರೊಬ್ಬರು ಆ ಚೀಟಿಯನ್ನು ತುಂಬುತ್ತಿದ್ದರು. ಮೊದಲೇ ಹಣ ಕಟ್ಟಿದರೆ ವರ್ಷ ವರ್ಷವೂ ಹೋಟೆಲಿನಲ್ಲಿ ಕೋಣೆ ಕೊಡುತ್ತೇವೆ ಎನ್ನುವ ಹಾಲಿಡೇ ಮೆಂಬರ್‌ಶಿಪ್ಪಿಗೆ ಜನರನ್ನು ಸೆಳೆಯುವ ಮೇಜು ಅದು. ಈ ವಿಷಯವನ್ನು ಬರೆಯಬೇಕೆಂದು ಒಂದು ವರ್ಷದಿಂದ ಅಂದುಕೊಂಡರೂ ನಾಚಿಕೆಯಿಂದ ಮುಂದೂಡುತ್ತಲೇ ಬಂದಿದ್ದೆ. ಆ ಹಿರಿಯರ ಕೈಯಲ್ಲಿ ಪೆನ್ನು ನೋಡಿದ ಮೇಲೆ ಸುಮ್ಮನಿರಲು ಸಾಧ್ಯವಾಗಲಿಲ್ಲ.

ನಾನು ಪೊನ್ನಂಪೇಟೆ ತಾಲ್ಲೂಕಿನ ಒಬ್ಬ ಸಣ್ಣ ಕಾಫಿ ಬೆಳೆಗಾರ. 2025ರ ಆರಂಭದಲ್ಲಿ ರೋಬಸ್ಟಾ ಚೆರಿಯ (ಸಿಪ್ಪೆ ಸಹಿತ ಒಣಗಿಸಿದ ರೋಬಸ್ಟಾ ಕಾಫಿಯ) ಬೆಲೆ ಐವತ್ತು ಕೆ.ಜಿ. ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿ, ಎಷ್ಟೋ ವರ್ಷಗಳ ನಂತರ ನಮ್ಮಂಥವರ ಕೈಯಲ್ಲಿ ನಾಲ್ಕು ಕಾಸು ಉಳಿಯುವ ಕಾಲ ಬಂದಿತ್ತು ಎಂಬುದು ಇಲ್ಲಿನವರಿಗೆಲ್ಲ ನೆನಪಿರುತ್ತದೆ. ಕೊಡಗಿನ ಊರುಗಳಿಗೆ ಇಂಥ ಮೇಜುಗಳು ಬಂದದ್ದು ಆ ಬೆಲೆಯ ಹಿಂದೆಯೇ ಎಂದು ನಾನು ಈಗ ನಂಬಿದ್ದೇನೆ. ಏಕೆಂದರೆ ಆ ಮೇಜಿನವರು ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ ‘ಈ ಸಲ ಎಷ್ಟು ಚೀಲ ಆಯಿತು ಸರ್’ ಎಂಬುದಾಗಿತ್ತು.

ಆಗ ಅಂಥದ್ದೇ ಒಂದು ಮೇಜಿನಲ್ಲಿ ನಾನೂ ಚೀಟಿ ತುಂಬಿ ಹಾಕಿದ್ದೆ, ನಾಲ್ಕು ದಿನಗಳಲ್ಲಿ ಫೋನ್ ಬಂತು. ನಮಗೆ ಬಹುಮಾನ ಬಂದಿದೆ, ಗೋವಾದಲ್ಲಿ ಎರಡು ರಾತ್ರಿಯ ವಾಸ ಉಚಿತ, ಆದರೆ ಗಂಡ ಹೆಂಡತಿ ಇಬ್ಬರೂ ಬಂದು ವೋಚರ್ ಪಡೆಯಬೇಕು, ಬರುವಾಗ ಕಾರ್ಡ್ ಮತ್ತು ಆಧಾರ್ ತರಬೇಕು ಎಂದರು. ಅದರಂತೆ ಫೆಬ್ರುವರಿ 16ರ ಭಾನುವಾರ ನಾವಿಬ್ಬರೂ ಕುಶಾಲನಗರದ ಹೋಟೆಲೊಂದರ ಹಾಲ್‌ಗೆ ಹೋದೆವು. ಅಲ್ಲಿ ಹದಿನೈದು ಇಪ್ಪತ್ತು ಮೇಜುಗಳಿದ್ದವು, ಒಂದೊಂದು ಮೇಜಿಗೆ ಒಂದೊಂದು ಜೋಡಿ. ಜೋರಾದ ಸಂಗೀತ. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮೈಕಿನಲ್ಲಿ ‘ನಮ್ಮ ಕುಟುಂಬಕ್ಕೆ ಹೊಸ ಸದಸ್ಯರು ಸೇರಿದ್ದಾರೆ, ಚಪ್ಪಾಳೆ’ ಎಂಬ ಘೋಷಣೆ. ಕುಡಿಯಲು ಕೊಟ್ಟದ್ದು ಸ್ಯಾಶೆಯಿಂದ ಕದಡಿದ ಕಾಫಿ. ನನ್ನ ಹೆಂಡತಿ ಒಂದು ಗುಟುಕು ಕುಡಿದು ಲೋಟವನ್ನು ಪಕ್ಕಕ್ಕಿಟ್ಟು, ‘ವೋಚರ್ ತೆಗೆದುಕೊಂಡು ಹೊರಡೋಣ’ ಎಂದಳು. ಆಗಲೇ ಎದ್ದು ಬರಬೇಕಿತ್ತು.

ನಮ್ಮ ಮೇಜಿಗೆ ಬಂದ ಯುವಕ ಬಹಳ ವಿನಯವಂತ. ಒಂದೂವರೆ ಗಂಟೆ ಕಾಲ ನಮ್ಮ ಮನೆ, ತೋಟ, ಮಂಗಳೂರಿನಲ್ಲಿ ಓದುತ್ತಿರುವ ಮಗಳು, ನಾವು ಇಷ್ಟು ವರ್ಷ ಎಲ್ಲಿಯೂ ಪ್ರವಾಸ ಹೋಗದಿರುವುದು ಎಲ್ಲವನ್ನೂ ಕೇಳಿ ತಿಳಿದುಕೊಂಡ. ‘ಬೆಂಗಳೂರಿನವರೆಲ್ಲ ನಿಮ್ಮ ಊರಿಗೆ ಬಂದು ಐಷಾರಾಮಿ ರೆಸಾರ್ಟ್‌ಗಳಲ್ಲಿ ಉಳಿದು ಹೋಗುತ್ತಾರೆ, ನೀವು ಮಾತ್ರ ವರ್ಷವಿಡೀ ತೋಟದಲ್ಲೇ ಇದ್ದೀರಿ, ಮೇಡಂ ಅವರಿಗೆ ಒಂದು ಸಲವಾದರೂ ಉದಯಪುರದ ಸರೋವರ ತೋರಿಸಬೇಡವೇ ಸರ್’ ಎಂದ. ಆ ಮಾತು ನನಗೆ ನಾಟಿತು. ಬಳಿಕ ಒಂದು ಬಿಳಿ ಹಾಳೆ ತೆಗೆದು ಪೆನ್ನಿನಲ್ಲಿ ಲೆಕ್ಕ ಬರೆಯತೊಡಗಿದ. ಒಟ್ಟು 3,25,000 ರೂಪಾಯಿ, ತೆರಿಗೆ ಸೇರಿ. ವರ್ಷಕ್ಕೆ ಆರು ರಾತ್ರಿಯಂತೆ 25 ವರ್ಷ. ಅಂದರೆ 150 ರಾತ್ರಿ. ಪಂಚತಾರಾ ಹೋಟೆಲಿನ ಕೋಣೆಗೆ ರಾತ್ರಿಗೆ ಬರೀ 2,167 ರೂಪಾಯಿ. ಅದರ ಕೆಳಗೆ ‘ಡಿಸೆಂಬರ್ ಕನ್ಫರ್ಮ್’ ಎಂದು ಬರೆದು ಎರಡು ಗೆರೆ ಎಳೆದ. ‘ಬೇಡವಾದರೆ ಮೂರು ವರ್ಷದ ನಂತರ ನಾವೇ ವಾಪಸ್ ಕೊಳ್ಳುತ್ತೇವೆ’ ಎಂಬುದನ್ನೂ ಬರೆದ. ಆ ಹಾಳೆಯನ್ನು ನೆನಪಿನಲ್ಲಿಡಿ, ಅದರ ವಿಷಯಕ್ಕೆ ಮತ್ತೆ ಬರುತ್ತೇನೆ.

ಯೋಚಿಸಿ ಹೇಳುತ್ತೇವೆ ಎಂದಾಗ ಮ್ಯಾನೇಜರ್ ಎಂಬುವರು ಬಂದು ಕುಳಿತರು. ದರ ನಿಜವಾಗಿ ನಾಲ್ಕೂಮುಕ್ಕಾಲು ಲಕ್ಷ, ಇವತ್ತು ಸಹಿ ಮಾಡಿದರೆ ಮಾತ್ರ ಮೂರೂಕಾಲು, ಬಾಗಿಲು ದಾಟಿ ಹೊರಗೆ ಹೋದರೆ ಈ ದರವನ್ನು ತಮ್ಮಿಂದಲೂ ಕೊಡಲಾಗದು ಎಂದರು. ಮಧ್ಯಾಹ್ನ ಮೂರು ಗಂಟೆಯಾಗಿತ್ತು, ಊಟವಾಗಿರಲಿಲ್ಲ, ತಲೆ ಸಿಡಿಯುತ್ತಿತ್ತು. ನಾನು 75,000 ರೂಪಾಯಿಗೆ ಕಾರ್ಡ್ ಉಜ್ಜಿಸಿದೆ. ಉಳಿದ 2,50,000 ರೂಪಾಯಿಗೆ ‘ಸುಲಭ ಕಂತು’ ಎಂದರು. ನನ್ನ ಮೊಬೈಲಿಗೆ ಬಂದ ಒಟಿಪಿಯನ್ನು ‘ಬರೀ ವೆರಿಫಿಕೇಶನ್ ಸರ್’ ಎಂದು ಕೇಳಿ ಪಡೆದರು. ಆ ಒಟಿಪಿಯಿಂದ ಒಂದು ಫೈನಾನ್ಸ್ ಕಂಪನಿಯಲ್ಲಿ ನನ್ನ ಹೆಸರಿಗೆ ಬಡ್ಡಿಯ ಸಾಲ ಮಂಜೂರಾಗಿ, ಪೂರ್ತಿ ಹಣ ನೇರವಾಗಿ ಅವರಿಗೇ ಹೋಯಿತು ಎಂಬುದು ಮುಂದಿನ ತಿಂಗಳ 5ರಂದು ಬ್ಯಾಂಕಿನಿಂದ ಕಂತು ಕಡಿತವಾದಾಗಲೇ ನನಗೆ ತಿಳಿದದ್ದು. ಆ ವರ್ಷದ ಸುಮಾರು ಮೂವತ್ತು ಚೀಲ ಕಾಫಿಯ ದುಡ್ಡದು. ಕಾಫಿ ಹೂವರಳಲು ಬೇಕಾದ ಹೂಮಳೆ ಕೈಕೊಟ್ಟರೆ ಬೇಕಾಗುತ್ತದೆಂದು ಸ್ಪ್ರಿಂಕ್ಲರ್ ಪೈಪಿಗೆ ಎತ್ತಿಟ್ಟಿದ್ದ ಹಣವೂ ಅದರಲ್ಲೇ ಸೇರಿಹೋಯಿತು.

ಸಹಿಗಳೆಲ್ಲ ಮುಗಿದ ಮೇಲೆ ನನ್ನ ಹೆಂಡತಿ ಆ ಬಿಳಿ ಹಾಳೆಗೆ ಕೈಚಾಚಿದಳು. ಯುವಕ ಅದನ್ನು ಮಡಚಿ ತನ್ನ ಫೈಲಿನೊಳಗೆ ಸೇರಿಸಿ, ‘ಇದು ಆಫೀಸ್ ಕಾಪಿ ಅಮ್ಮ, ನಿಮಗೆ ಪೂರ್ತಿ ಕಿಟ್ ಕೊರಿಯರ್‌ನಲ್ಲಿ ಬರುತ್ತದೆ’ ಎಂದ. ಅದೇ ಕ್ಷಣ. ಅವನ ಬೆರಳುಗಳು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ್ದು ಈಗಲೂ ನನ್ನ ಕಣ್ಣ ಮುಂದಿದೆ. ಅವರು ನಮಗೆ ಕೊಟ್ಟ ಮಾತುಗಳೆಲ್ಲ ಇದ್ದದ್ದು ಅದೊಂದೇ ಕಾಗದದಲ್ಲಿ, ಅದನ್ನೇ ಅವರು ಇಟ್ಟುಕೊಂಡರು. ನಾನು ಏನೋ ಸರಿಯಿಲ್ಲ ಎಂದುಕೊಂಡೆ, ಆದರೂ ಎಲ್ಲರೆದುರು ಕೇಳಲು ಸಂಕೋಚಪಟ್ಟೆ.

ಕಿಟ್ ಬಂದದ್ದು ಫೆಬ್ರುವರಿ 28ರಂದು. ಒಪ್ಪಂದದ ಒಂಬತ್ತನೆಯ ಪುಟದಲ್ಲಿ, ಸಹಿ ಮಾಡಿದ ಹತ್ತು ದಿನಗಳೊಳಗೆ ಲಿಖಿತವಾಗಿ ತಿಳಿಸಿದರೆ ಹಣ ಮರಳಿಸಲಾಗುವುದು ಎಂದಿತ್ತು. ಹತ್ತು ದಿನ ಮುಗಿದದ್ದು 26ರ ಶಿವರಾತ್ರಿಯಂದು. ಕೈಗೆ ಕಾಗದ ಬರುವ ಮೊದಲೇ ಅದರಲ್ಲಿದ್ದ ಹಕ್ಕು ಮುಗಿದುಹೋಗಿತ್ತು! ಇನ್ನೊಂದು ಪುಟದಲ್ಲಿ, ಮಾರಾಟ ಪ್ರತಿನಿಧಿಯ ಮೌಖಿಕ ಭರವಸೆಗಳಿಗೆ ಸಂಸ್ಥೆ ಹೊಣೆಯಲ್ಲ ಎಂಬ ವಾಕ್ಯವಿತ್ತು, ಅದರ ಕೆಳಗೆ ನನ್ನದೇ ಸಹಿಯಿತ್ತು. ಹಾಳೆಯಲ್ಲಿ ಎಲ್ಲಿಯೂ ಬರೆಯದಿದ್ದ ವಾರ್ಷಿಕ ನಿರ್ವಹಣಾ ಶುಲ್ಕವೂ ಅಲ್ಲಿತ್ತು: 14,500 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 17,110. ನೀವು ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು, ವರ್ಷ ವರ್ಷವೂ ಏರಿಸುವ ಅಧಿಕಾರ ಅವರದು. ಆರು ರಾತ್ರಿಗೆ ಹಂಚಿದರೆ ರಾತ್ರಿಗೆ 2,852 ರೂಪಾಯಿ. 2,167ಕ್ಕೆ ಅದನ್ನು ಕೂಡಿಸಿದರೆ ಐದು ಸಾವಿರ ದಾಟುತ್ತದೆ, ಸಾಲದ ಬಡ್ಡಿ ಮತ್ತು ಊಟ ಬೇರೆ. ಅದೂ ಆರು ರಾತ್ರಿಯನ್ನು 25 ವರ್ಷವೂ ತಪ್ಪದೆ ಬಳಸಿದರೆ ಮಾತ್ರ.

ಬಳಸಲು ಅವರು ಬಿಟ್ಟರೆ ತಾನೆ. ಮೇ ತಿಂಗಳಲ್ಲಿ ಮಗಳ ರಜೆಗೆ ಊಟಿ ಕೇಳಿದೆ, ಉತ್ತರ: ‘ಕ್ಷಮಿಸಿ ಸರ್, ಬುಕಿಂಗ್ ಲಭ್ಯತೆಗೆ ಒಳಪಟ್ಟಿರುತ್ತದೆ.’ ದಸರಾ ರಜೆಗೆ ಉದಯಪುರ ಕೇಳಿದೆ, ಅದೇ ಉತ್ತರ. ಡಿಸೆಂಬರಿಗೆ ಮೂರು ತಿಂಗಳು ಮುಂಚಿತವಾಗಿ ಕೇಳಿದಾಗ, ‘ಡಿಸೆಂಬರ್ 20ರಿಂದ ಜನವರಿ 5ರವರೆಗೆ ನಿಮ್ಮ ಶ್ರೇಣಿಯ ಸದಸ್ಯರಿಗೆ ಅವಕಾಶವಿಲ್ಲ, 85,000 ರೂಪಾಯಿ ಕಟ್ಟಿ ಮೇಲಿನ ಶ್ರೇಣಿಗೆ ಹೋಗಬಹುದು’ ಎಂದರು. ಡಿಸೆಂಬರ್ ಕನ್ಫರ್ಮ್ ಎಂದು ಬರೆದುಕೊಟ್ಟಿದ್ದರಲ್ಲ ಎಂದೆ. ‘ಅಂಥ ದಾಖಲೆ ನಿಮ್ಮ ಬಳಿ ಇದ್ದರೆ ಇಮೇಲ್ ಮಾಡಿ ಸರ್’ ಎಂದರು. ದಾಖಲೆ ನನ್ನ ಬಳಿ ಇಲ್ಲ ಎಂಬುದು ಅವರಿಗೆ ಗೊತ್ತು. ಆ ಯುವಕನನ್ನು ಕೇಳಿ ಎಂದರೆ, ‘ಅವರು ಈಗ ನಮ್ಮ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿಲ್ಲ.’ ಹಣ ಮರಳಿಸಿ ಎಂದರೆ, ‘ನಿಮ್ಮ ಭಾವನೆಗಳನ್ನು ನಾವು ಗೌರವಿಸುತ್ತೇವೆ.’ ನನ್ನ ಹದಿನಾಲ್ಕು ಇಮೇಲ್‌ಗಳಲ್ಲಿ ಒಂಬತ್ತಕ್ಕೆ ಬಂದ ಉತ್ತರ ಅಕ್ಷರಕ್ಕೆ ಅಕ್ಷರ ಒಂದೇ.

ಕೊನೆಗೆ ಸಿಕ್ಕಿದ್ದು ನವೆಂಬರಿನ ಎರಡು ವಾರದ ದಿನಗಳು, ಮುನ್ನಾರಿನ ಬಳಿ. ‘ಪಂಚತಾರಾ ಅಥವಾ ತತ್ಸಮಾನ’ ಎಂಬ ಒಪ್ಪಂದದ ಮಾತಿನಲ್ಲಿ ಎಲ್ಲ ಅಡಗಿರುವುದು ಆ ‘ತತ್ಸಮಾನ’ದಲ್ಲಿಯೇ. ಹೋಟೆಲುಗಳಿಗೆ ತಾರಾ ದರ್ಜೆ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ. ಆ ದರ್ಜೆಯ ಪ್ರಮಾಣಪತ್ರ ಎಲ್ಲಿದೆ ಎಂದು ಅಲ್ಲಿನ ರಿಸೆಪ್ಶನ್‌ನಲ್ಲಿ ಕೇಳಿದರೆ, ತಮ್ಮ ಹೋಟೆಲು ಎಂದೂ ಅದಕ್ಕೆ ಅರ್ಜಿಯನ್ನೇ ಹಾಕಿಲ್ಲ ಎಂದು ಆ ಹುಡುಗಿ ಪ್ರಾಮಾಣಿಕವಾಗಿ ಹೇಳಿದಳು. ಗೋಡೆಯಲ್ಲಿ ನೀರು ಇಳಿದ ಕಲೆಯಿತ್ತು. ಅದೇ ಕೋಣೆ ಅದೇ ದಿನಕ್ಕೆ ಬುಕಿಂಗ್ ಆ್ಯಪ್‌ನಲ್ಲಿ 6,800 ರೂಪಾಯಿಗಿತ್ತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿರುವುದರಿಂದ ತೆರಿಗೆ ಸೇರಿ 7,140. ಎರಡು ರಾತ್ರಿಗೆ 14,280. ಅಂದರೆ ಮೆಂಬರ್‌ಶಿಪ್ಪೇ ಇಲ್ಲದೆ, ಆ ವರ್ಷದ ನಿರ್ವಹಣಾ ಶುಲ್ಕದಲ್ಲೇ ನಾವು ಅಲ್ಲಿ ಎರಡು ರಾತ್ರಿ ಉಳಿದು ಹಣ ಮಿಗಿಸಿಕೊಂಡು ಬರಬಹುದಿತ್ತು. ಬಹುಮಾನವೆಂದು ಕೊಟ್ಟ ಗೋವಾ ವೋಚರ್ ಬಳಸಲು ಒಬ್ಬರಿಗೆ ದಿನಕ್ಕೆ 1,500 ರೂಪಾಯಿಯ ಊಟ ಕಡ್ಡಾಯ ಎಂದಿತ್ತು, ಅದನ್ನು ಹರಿದುಹಾಕಿದೆ.

ನನ್ನ ಭಾವಮೈದ ಕಕ್ಕಬ್ಬೆ ಕಡೆ ಹೋಂಸ್ಟೇ ನಡೆಸುತ್ತಾನೆ. ಅವನಿಗೆ ವಿಷಯ ತಿಳಿಸಿದ್ದು ಎಲ್ಲ ಆದ ಮೇಲೆ. ‘ಭಾವ, ಡಿಸೆಂಬರ್ ಕೊನೆಯ ವಾರ ಕುಶಾಲನಗರದಿಂದ ಮಡಿಕೇರಿವರೆಗೆ ಕಾರುಗಳ ಸಾಲು ನೀವೇ ನೋಡುತ್ತೀರಿ. ಎರಡು ಪಟ್ಟು ದರಕ್ಕೆ ಹೋಗುವ ಕೋಣೆಯನ್ನು ಹಣ ಮೊದಲೇ ಕೊಟ್ಟವರಿಗೆ ಯಾರು ಬಿಡುತ್ತಾರೆ? ನನಗೊಂದು ಫೋನ್ ಮಾಡಬಾರದಿತ್ತೇ’ ಎಂದ. ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಹಾಲ್‌ನಲ್ಲಿ ನಾನು ಫೋನ್ ಕೈಗೆತ್ತಿಕೊಂಡಾಗಲೆಲ್ಲ ಆ ಯುವಕ ಹೊಸದೊಂದು ಚಿತ್ರ ತೋರಿಸುತ್ತಿದ್ದ ಎಂಬುದು ಈಗ ಅರ್ಥವಾಗುತ್ತಿದೆ. ಹೊರಗಿನ ಒಬ್ಬರ ಮಾತು ಆ ಮೇಜಿಗೆ ಬೀಳದಂತೆ ನೋಡಿಕೊಳ್ಳುವುದೇ ಅವರ ಕೆಲಸ.

ಯೂರೋಪಿನ ಒಕ್ಕೂಟದಲ್ಲಿ 2008ರ ನಿರ್ದೇಶನದ ಪ್ರಕಾರ ಇಂಥ ಟೈಮ್‌ಶೇರ್ (ವರ್ಷಕ್ಕೆ ಕೆಲವು ದಿನ ಉಳಿಯುವ ಹಕ್ಕನ್ನು ಮೊದಲೇ ಕೊಳ್ಳುವ) ಒಪ್ಪಂದದಿಂದ 14 ದಿನಗಳೊಳಗೆ ಕಾರಣ ಕೊಡದೆ ಹಿಂದೆ ಸರಿಯಬಹುದು, ಆ ಅವಧಿಯಲ್ಲಿ ಮುಂಗಡ ಪಡೆಯುವುದಕ್ಕೇ ನಿಷೇಧವಿದೆ. ನಮ್ಮಲ್ಲಿ ಆನ್‌ಲೈನ್ ವ್ಯಾಪಾರದಲ್ಲಿ ‘ಈಗಲೇ, ಇವತ್ತೇ’ ಎಂಬ ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ನವೆಂಬರಿನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ತಡೆದಿದೆ. ಹೋಟೆಲಿನ ಹಾಲ್‌ನಲ್ಲಿ ಬಾಗಿಲು ಮುಚ್ಚಿ ಅದೇ ಅವಸರ ಹುಟ್ಟಿಸುವವರ ಮೇಲೂ ಅಷ್ಟೇ ಬಿಗಿ ಬೇಕೆಂಬುದು ನನ್ನ ಸಂಕಟದ ಮಾತು.

ಈಗಾಗಲೇ ಸಿಕ್ಕಿಬಿದ್ದವರಿಗೆ ಒಂದು ಮಾತು. ‘ನಿಮ್ಮ ಮೆಂಬರ್‌ಶಿಪ್ಪನ್ನು ಒಳ್ಳೆಯ ಬೆಲೆಗೆ ಮಾರಿಸಿಕೊಡುತ್ತೇವೆ, ಮೊದಲು 18,000 ಎನ್‌ಒಸಿ (ನಿರಾಕ್ಷೇಪಣಾ ಪತ್ರದ) ಶುಲ್ಕ ಕಟ್ಟಿ’ ಎಂಬ ಫೋನ್ ನನಗೆ ಎರಡು ಸಲ ಬಂತು. ಕಟ್ಟಬೇಡಿ, ಅದು ಎರಡನೆಯ ಬಲೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ನಾನು ಕೊಟ್ಟಾಗ ಸಂಸ್ಥೆಯಿಂದ ಅದೇ ಹಳೆಯ ಉತ್ತರ ಬಂತು, ಆದರೆ ದೂರಿನ ಸಂಖ್ಯೆ ದಾಖಲೆಯಾಗಿ ಉಳಿಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ನಾನು ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹೂಡಿದ್ದೇನೆ. ಇನ್ನೂ ಸಿಕ್ಕಿಬೀಳದವರು ಆ ಹಾಲ್‌ಗೆ ಹೋಗಲೇಬೇಡಿ. ಹೋದರೂ ಕಾರ್ಡನ್ನು ಮನೆಯಲ್ಲಿಟ್ಟು ಹೋಗಿ, ಯಾರಿಗೂ ಒಟಿಪಿ ಹೇಳಬೇಡಿ, ಅವರು ಪೆನ್ನಿನಲ್ಲಿ ಏನು ಬರೆದರೂ ಆ ಕ್ಷಣವೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ.

ಬಂಕಿನಲ್ಲಿ ಆ ಹಿರಿಯರಿಗೆ ನನ್ನ ಕಥೆಯನ್ನು ಪೂರ್ತಿ ಹೇಳಿದೆ. ಅವರು ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೊರಟರು. ಆಮೇಲೆ ಏನು ಮಾಡಿದರೋ ಗೊತ್ತಿಲ್ಲ.

ನನ್ನ ವಕೀಲರು ಕೇಳುತ್ತಿರುವುದು ಒಂದನ್ನೇ. 2025ರ ಫೆಬ್ರುವರಿ 16ರಂದು ಕುಶಾಲನಗರದ ಆ ಹಾಲ್‌ನಲ್ಲಿ ನಮ್ಮಂತೆಯೇ ಕುಳಿತಿದ್ದ ಹದಿನೈದು ಇಪ್ಪತ್ತು ಜೋಡಿಗಳಲ್ಲಿ ಯಾರಾದರೂ ತಮ್ಮ ಮೇಜಿನ ಬಿಳಿ ಹಾಳೆಯ ಫೋಟೋ ತೆಗೆದಿದ್ದರೆ, ಅದು ಅರ್ಧ ಕಾಣುವಂಥದ್ದಾದರೂ ಪರವಾಗಿಲ್ಲ, ದಯವಿಟ್ಟು ನನಗೆ ತಿಳಿಸಿ. ನಾಚಿಕೆಪಟ್ಟು ಸುಮ್ಮನಿರಬೇಡಿ, ನಾನು ಒಂದು ವರ್ಷ ಹಾಗೆಯೇ ಇದ್ದೆ.