ದುಡ್ಡು ಕಟ್ಟುವ ಫಾರಂ ಜೊತೆ ಮೂರು ವರ್ಷ: ಪುಡಿ ಮಾರುವವಳ ವಿಮರ್ಶೆ

ಮೆಣಸಿನಕಾಯಿ ಹುರಿಯುವಾಗ ಫೋನ್ ಬಂದರೆ ನಾನು ಎತ್ತುವುದಿಲ್ಲ. ಆವತ್ತು ಮೂರನೇ ಸಲವೂ ಬಂತಲ್ಲ ಅಂತ ಒಲೆ ಆರಿಸಿ ಎತ್ತಿದೆ. ಜಯನಗರದ ಗಿರಾಕಿ, ಎಪ್ಪತ್ತರ ಆಸುಪಾಸಿನ ಹೆಂಗಸು. "ಏನಮ್ಮಾ, ನನ್ನ ಕಾರ್ಡಿನ ಅವಧಿ ಮುಗಿದಿದೆ ಅಂತಿದೆಯಲ್ಲ ನಿಮ್ಮ ಸೈಟು? ಬ್ಯಾಂಕಿನವರು ಹೋದ ತಿಂಗಳಷ್ಟೇ ಕೊಟ್ಟಿದ್ದು ಕಣಮ್ಮಾ!" ಸ್ಕ್ರೀನ್‌ಶಾಟ್ ಕಳಿಸಿ ಅಂದೆ. ನೋಡಿದರೆ ಫಾರಂ ಯಾವ ತಕರಾರೂ ತೆಗೆದಿರಲಿಲ್ಲ. ಕಾರ್ಡ್ ನಂಬರಿನ ಕೆಳಗೆ ಒಂದು ಖಾಲಿ ಚೌಕ, ಅದರ ತಲೆ ಮೇಲೆ "ಅವಧಿ ಮುಕ್ತಾಯ" ಅಂತ ಎರಡು ಪದ. ಎಕ್ಸ್‌ಪೈರಿ ಡೇಟ್ ಅನ್ನುವುದಕ್ಕೆ ಫಾರಂ ಕಂಪನಿಯವರು ಮಾಡಿದ್ದ ಕನ್ನಡ. ಪಾಪ, ಇವರು ಅದನ್ನು ತೀರ್ಪು ಅಂತ ಓದಿಕೊಂಡಿದ್ದರು.

ಹನುಮಂತನಗರದ ಮನೆಯಿಂದಲೇ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತೇನೆ. 2022ರ ಜೂನ್‌ನಲ್ಲಿ ಅಕ್ಕನ ಮಗ ವೆಬ್‌ಸೈಟ್ ಮಾಡಿಕೊಟ್ಟ, ದುಡ್ಡು ತಗೊಳ್ಳುವ ಭಾಗಕ್ಕೆ ಒಂದು ಪೇಮೆಂಟ್ ಗೇಟ್‌ವೇ ಜೋಡಿಸಿದ. ಅದರ ಫಾರಂ ಬಗ್ಗೆ ಈ ವಿಮರ್ಶೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಕಾಟಗಳನ್ನು ಬೇರೆ ಕಡೆ ಬಿಲ್ ಕಟ್ಟುವಾಗಲೂ ಅನುಭವಿಸಿದ್ದೇನೆ, ಇವರೊಬ್ಬರನ್ನೇ ಎಳೆದು ತರುವುದು ನ್ಯಾಯವಲ್ಲ. "ಕನ್ನಡದಲ್ಲೂ ಇದೆ" ಅಂದರು ಅಂತಲೇ ಇದನ್ನು ಆರಿಸಿಕೊಂಡಿದ್ದು.

ಯುಪಿಐ ಭಾಗದಲ್ಲಿ ಹೇಳುವಂಥದ್ದೇನೂ ಇಲ್ಲ. ಕ್ಯೂಆರ್ ಬರುತ್ತೆ, ಪಿನ್ ಒತ್ತುತ್ತಾರೆ, ಮುಗೀತು. ಗೋಳೆಲ್ಲ ಕಾರ್ಡಿನವರದು. ನನ್ನ ಗಿರಾಕಿಗಳಲ್ಲಿ ಕಾರ್ಡ್ ಬಳಸುವವರು ಹೆಚ್ಚಾಗಿ ವಯಸ್ಸಾದವರು. ಫೋನಿನಲ್ಲಿ ಬ್ಯಾಂಕ್ ಇಟ್ಟುಕೊಳ್ಳಲು ಅವರಿಗೆ ಭಯ.

ಮೊದಲ ವರ್ಷ ಫಾರಂ ಇದ್ದ ಹಾಗೇ ಬಿಟ್ಟಿದ್ದೆವು. 16 ಅಂಕಿ ಒಂದೇ ಸಮನೆ ಟೈಪ್ ಮಾಡಬೇಕಿತ್ತು. ಕಾರ್ಡಿನ ಮೇಲೆ ನಾಲ್ಕು ನಾಲ್ಕಾಗಿ ಬಿಡಿಸಿ ಬರೆದಿರುತ್ತಾರಲ್ಲ, ಅದನ್ನು ನೋಡಿ ನಡುವೆ ಜಾಗ ಬಿಟ್ಟರೆ "ಅಮಾನ್ಯ". ಒಂದು ಅಂಕಿ ತಪ್ಪಿದರೂ ಕೊನೆಯ ಗುಂಡಿ ಒತ್ತಿದ ಮೇಲೇ ಹೇಳುತ್ತಿತ್ತು, ಅದೂ ವಿಳಾಸದಿಂದ ಹಿಡಿದು ಎಲ್ಲ ಅಳಿಸಿಹಾಕಿ. ಕೊನೆಯ ಅಂಕಿಯವರೆಗೂ ಕಾಯುವ ಅಗತ್ಯವೇನೋ ಇದೆ, ಗುಂಡಿಯವರೆಗೆ ಕಾಯುವ ಅಗತ್ಯ ಖಂಡಿತ ಇರಲಿಲ್ಲ. ಅಕ್ಕನ ಮಗ ಊಟಕ್ಕೆ ಕೂತಾಗ ತನ್ನದೇ ಕಾರ್ಡ್ ಇಟ್ಟು ತೋರಿಸಿದ: "ಚಿಕ್ಕಮ್ಮಾ, ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿ ಎರಡರಷ್ಟು ಮಾಡಿ, 9 ದಾಟಿದರೆ 9 ಕಳೀರಿ, ಎಲ್ಲಾ ಕೂಡಿ. ಮೊತ್ತ ಹತ್ತರಿಂದ ಭಾಗ ಆಗಬೇಕು." ಅನ್ನ ಆರುವವರೆಗೆ ಲೆಕ್ಕ ಹಾಕಿದೆ, 70 ಬಂತು. ಐಬಿಎಂನ ಹ್ಯಾನ್ಸ್ ಪೀಟರ್ ಲುನ್ ಅನ್ನುವವರಿಗೆ 1960ರಲ್ಲೇ ಇದಕ್ಕೆ ಪೇಟೆಂಟ್ ಸಿಕ್ಕಿತ್ತಂತೆ. ಯಾವುದಾದರೂ ಒಂದು ಅಂಕಿ ತಪ್ಪಾದರೆ ಬ್ಯಾಂಕನ್ನು ಕೇಳದೆಯೇ ಗೊತ್ತಾಗಿಬಿಡುತ್ತದೆ. 2023ರ ಕೊನೆಗೆ ಕಂಪನಿಯವರು ಇದನ್ನು ಸರಿಮಾಡಿದರು. ಈಗ ಅಂಕಿಗಳು ತಾವಾಗಿ ನಾಲ್ಕು ನಾಲ್ಕಾಗಿ ಕೂರುತ್ತವೆ, ತಪ್ಪಿದ್ದರೆ ಹದಿನಾರನೆಯದು ಒತ್ತಿದ ಕೂಡಲೇ ಹೇಳುತ್ತದೆ. ಈ ಒಂದು ಬದಲಾವಣೆಯಿಂದ ನನಗೆ ಬರುವ ಫೋನುಗಳು ಎಷ್ಟೋ ಕಮ್ಮಿಯಾದವು.

ಹೆಸರಿನ ಕಥೆ ಬೇರೆ. "ಮೊದಲ ಹೆಸರು", "ಕೊನೆಯ ಹೆಸರು" ಎರಡೂ ಕಡ್ಡಾಯ, ಕೊನೆಯದು ಕನಿಷ್ಠ 2 ಅಕ್ಷರ ಇರಲೇಬೇಕು. ನಮ್ಮ ಕಡೆ ಕೊನೆಯ ಹೆಸರು ಎಲ್ಲಿಂದ ತರುವುದು? ಮುಂದೆ ಎರಡು ಇನಿಷಿಯಲ್, ಹಿಂದೆ ಒಂದು ಹೆಸರು, ಅಷ್ಟೇ. ನಿವೃತ್ತ ಮೇಷ್ಟ್ರೊಬ್ಬರು ಅರ್ಧ ಗಂಟೆ ಒದ್ದಾಡಿ, ಕೊನೆಗೆ ಇನಿಷಿಯಲ್‌ನಲ್ಲಿದ್ದ "ಎಚ್" ಬಿಡಿಸಿ ಹೊಳೆನರಸೀಪುರ ಅಂತಲೇ ಹಾಕಿದರು. ದುಡ್ಡೇನೋ ಬಂತು. ಪಾರ್ಸೆಲ್ ಚೀಟಿಯ ಮೇಲೂ ಹಾಗೇ ಪ್ರಿಂಟಾಯಿತು. ಕೊರಿಯರ್ ಹುಡುಗ ಫೋನ್ ಮಾಡಿದ: "ಮೇಡಂ, ಇದು ಬಸವನಗುಡಿನಾ, ಹೊಳೆನರಸೀಪುರಾನಾ?" ಈಗ "ಪೂರ್ತಿ ಹೆಸರು" ಅಂತ ಒಂದೇ ಚೌಕ ಇಟ್ಟಿದ್ದೇನೆ, ಚುಕ್ಕಿಗೂ ಜಾಗ ಇದೆ. ಮನೆ ನಂಬರಿನ ಓರೆಗೀಟಿಗೂ ಹೀಗೇ ಜಗಳ ಆಡಬೇಕಾಯಿತು. 47/2 ಅಂತ ಬರೆದರೆ "ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ" ಅನ್ನುತ್ತಿತ್ತು. ಓರೆಗೀಟು ಬೇಡ ಅಂದರೆ ಅರ್ಧ ಬೆಂಗಳೂರಿಗೆ ಪಾರ್ಸೆಲ್ ಹೋಗುವುದಿಲ್ಲ.

ನಗಬೇಕೋ ಅಳಬೇಕೋ ಗೊತ್ತಾಗದ್ದು ಇನ್ನೊಂದಿದೆ. ಕನ್ನಡ ಕೀಬೋರ್ಡ್ ಇಟ್ಟುಕೊಂಡ ಗಿರಾಕಿಯೊಬ್ಬರು ಪಿನ್‌ಕೋಡ್ ಜಾಗದಲ್ಲಿ ೫೬೦೦೦೪ ಅಂತ ಬರೆದರು. ಫಾರಂ ಅಚ್ಚಗನ್ನಡದಲ್ಲಿ ಉತ್ತರ ಕೊಟ್ಟಿತು: "ದಯವಿಟ್ಟು ಅಂಕಿಗಳನ್ನು ಮಾತ್ರ ನಮೂದಿಸಿ." ಬರೆದಿದ್ದು ಅಂಕಿಯೇ ಅಲ್ಲವೇ! ಕನ್ನಡದ ಅಂಕಿ ಬಂದರೆ ಒಳಗೊಳಗೇ ಬದಲಾಯಿಸಿಕೊಳ್ಳುವುದು ಪ್ರೋಗ್ರಾಂ ಬರೆಯುವವರಿಗೆ ಒಂದು ಸಾಲಿನ ಕೆಲಸ ಅಂತಾನೆ ಅಕ್ಕನ ಮಗ. ಇದು ಇವತ್ತಿಗೂ ಆಗಿಲ್ಲ.

ಪದಗಳನ್ನು ನಾವೇ ತಿದ್ದುವ ಅವಕಾಶ ಸಿಕ್ಕಿದ್ದು ಸ್ವಲ್ಪ ದುಬಾರಿ ಪ್ಲಾನಿಗೆ ಹೋದ ಮೇಲೆ. "ಅವಧಿ ಮುಕ್ತಾಯ" ತೆಗೆದು "ಕಾರ್ಡಿನ ಮೇಲಿರುವ ತಿಂಗಳು/ವರ್ಷ, ಉದಾಹರಣೆಗೆ 09/27" ಅಂತ ಹಾಕಿದೆ. ಸಿವಿವಿ ಅನ್ನುವ ಕಡೆ "ಕಾರ್ಡಿನ ಹಿಂಬದಿಯ 3 ಅಂಕಿ". "ಸಲ್ಲಿಸು" ಅಂತಿದ್ದ ಗುಂಡಿ ಈಗ "₹640 ಕಟ್ಟಿ". ಅರ್ಜಿ ಸಲ್ಲಿಸುತ್ತಾರೆ, ದುಡ್ಡು ಕಟ್ಟುತ್ತಾರೆ.

ಕಷ್ಟವಾಗಿದ್ದು ಕಾರ್ಡ್ ಉಳಿಸುವ ಚೌಕ. ನಾನು ಶುರುಮಾಡಿ ನಾಲ್ಕು ತಿಂಗಳಿಗೆ, 2022ರ ಅಕ್ಟೋಬರ್ 1ರಿಂದ, ರಿಸರ್ವ್ ಬ್ಯಾಂಕಿನ ನಿಯಮದಂತೆ ಅಂಗಡಿಯವರು ಗಿರಾಕಿಯ ಕಾರ್ಡ್ ನಂಬರ್ ಇಟ್ಟುಕೊಳ್ಳುವ ಹಾಗಿಲ್ಲ. ಗಿರಾಕಿ ಒಪ್ಪಿದರೆ ಅದರ ಬದಲು ಒಂದು ಟೋಕನ್, ಅಂದರೆ ಕಾರ್ಡ್ ನಂಬರಿನ ಜಾಗದಲ್ಲಿ ನಿಲ್ಲುವ ಬೇರೊಂದು ಸಂಕೇತ, ಅಷ್ಟು ಮಾತ್ರ. "ಹೋದ ಸಲ ಕೊಟ್ಟಿದ್ದೆನಲ್ಲ, ಮತ್ತೆ ಯಾಕೆ ಕೇಳ್ತೀರಿ?" ಅಂತ ಹಳೇ ಗಿರಾಕಿಗಳಿಗೆ ಸಿಟ್ಟು. ಫಾರಂನಲ್ಲಿ ಇದ್ದದ್ದು "ಟೋಕನೀಕರಣಕ್ಕೆ ಸಮ್ಮತಿಸುತ್ತೇನೆ". ಈ ಪದ ನೋಡಿ ಯಾರು ತಾನೇ ಗುರುತು ಹಾಕುತ್ತಾರೆ? "ಮುಂದಿನ ಸಲ ಕಾರ್ಡ್ ನಂಬರ್ ಬರೆಯುವುದು ಬೇಡವಾದರೆ ಇಲ್ಲಿ ಗುರುತು ಹಾಕಿ. ನಿಮ್ಮ ನಂಬರ್ ನಮ್ಮ ಬಳಿ ಇರುವುದಿಲ್ಲ" ಅಂತ ತಿದ್ದಿದೆ. ಎರಡನೇ ವಾಕ್ಯ ಸೇರಿಸಿದ ಮೇಲೇ ಜನ ಗುರುತು ಹಾಕಲು ಶುರುಮಾಡಿದ್ದು.

ಓಟಿಪಿ ಪುಟ ಬ್ಯಾಂಕಿನದು, ಅದರ ಇಂಗ್ಲಿಷಿಗೆ ಇವರು ಹೊಣೆಯಲ್ಲ. ಆದರೆ "ಈಗ ನಿಮ್ಮ ಬ್ಯಾಂಕಿನ ಪುಟ ತೆರೆಯುತ್ತದೆ" ಅಂತ ಮೊದಲೇ ಒಂದು ಸಾಲು ಹೇಳಿದ್ದರೆ ಗಾಬರಿಯಾಗಿ ಹಿಂದಕ್ಕೆ ಬರುವವರು ಉಳಿಯುತ್ತಿದ್ದರು.

ಇನ್ನು ನನ್ನ ದೊಡ್ಡ ದೂರು. ಖಾತೆಯಿಂದ ದುಡ್ಡು ಹೋಗಿ ನಮಗೆ ಬರದೆ ನಡುವೆ ಸಿಕ್ಕಿಕೊಂಡಾಗ ಈ ಫಾರಂ ತೋರಿಸುವುದು "ವ್ಯವಹಾರ ವಿಫಲವಾಗಿದೆ, ಮತ್ತೆ ಪ್ರಯತ್ನಿಸಿ" ಅಂತ ಮಾತ್ರ. ಕಳೆದ ಗೌರಿ ಹಬ್ಬದ ಮುಂಚೆ ಒಬ್ಬರು ಹಾಗೇ ಮತ್ತೆ ಪ್ರಯತ್ನಿಸಿ ₹640 ಎರಡು ಸಲ ಕಳೆದುಕೊಂಡು ಕೂತರು. ನಾನು ಮೋಸ ಮಾಡಿದೆ ಅಂತಲೇ ಅವರ ಮಾತು. 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ ಹೀಗೆ ಸಿಕ್ಕಿಕೊಂಡ ಹಣ ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ. ಅವರಿಗೆ ನಾಲ್ಕನೇ ದಿನ ಬಂತು. ಆ ನಾಲ್ಕು ದಿನ ಇಬ್ಬರಿಗೂ ನಿದ್ದೆ ಇಲ್ಲ. "ಖಾತೆಯಿಂದ ಹಣ ಹೋಗಿದ್ದರೆ ಮತ್ತೆ ಕಟ್ಟಬೇಡಿ, 5 ದಿನದೊಳಗೆ ವಾಪಸ್ ಬರುತ್ತದೆ" ಅಂತ ಬರೆದರೆ ಸಾಕಿತ್ತು. ಎಲ್ಲ ಪುಟದ ಪದ ತಿದ್ದಲು ಬಿಡುವ ಇವರು ಈ ಪುಟ ಮಾತ್ರ ಮುಟ್ಟಲು ಬಿಡುವುದಿಲ್ಲ. ಮೂರು ಸಲ ಬರೆದಿದ್ದೇನೆ, ಮೂರು ಸಲವೂ "ನಿಮ್ಮ ಸಲಹೆಯನ್ನು ನಮ್ಮ ತಂಡಕ್ಕೆ ತಲುಪಿಸಿದ್ದೇವೆ".

ಸದ್ಯಕ್ಕೆ ಆ ಸಾಲನ್ನು ನಾನೇ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಒಲೆ ಮೇಲೆ ಏನಿದ್ದರೂ ಸರಿ. ಐದಕ್ಕೆ ಮೂರು ಸ್ಟಾರ್. ಆ ಪುಟ ಸರಿಹೋದ ದಿನ ಬಂದು ನಾಲ್ಕು ಮಾಡುತ್ತೇನೆ.