ದೊಡ್ಡ ಗುಂಡಿನ ಪಿಸ್ತೂಲು: ರೇಂಜಿಗೆ ನಾಲ್ಕರಲ್ಲಿ ಯಾವುದು?

ರೇಂಜಿನಲ್ಲಿ, ಅಂದರೆ ಗುರಿಗೆ ಹೊಡೆದು ಅಭ್ಯಾಸ ಮಾಡುವ ಜಾಗದಲ್ಲಿ, ಕಾಗದ ತೂತು ಮಾಡುವುದಕ್ಕೆ 9 ಎಂಎಂ ಗುಂಡಿನ ಪಿಸ್ತೂಲು ಧಾರಾಳ ಸಾಕು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗುಂಡು ಅಗ್ಗ, ಒದೆತ ಕಡಿಮೆ, ತುಂಬ ಹೊತ್ತು ಹೊಡೆದರೂ ಕೈ ನೋಯುವುದಿಲ್ಲ. ಆದರೂ ಅದನ್ನೇ ಒಂದಷ್ಟು ಕಾಲ ಹೊಡೆದವರಿಗೆ ಇನ್ನೂ ದೊಡ್ಡದೊಂದು ಬೇಕು ಅನ್ನಿಸುತ್ತದೆ. ಅದರಲ್ಲಿ ತಪ್ಪೇನಿಲ್ಲ. ಪ್ರಶ್ನೆ ಇರುವುದು ಯಾವುದು ಅನ್ನುವುದರಲ್ಲಿ, ಯಾಕೆಂದರೆ ಅಂಗಡಿಯ ಕೌಂಟರಿನಲ್ಲಿ ಕೈಗೆತ್ತಿಕೊಂಡಾಗ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ, ನಾಲ್ಕನೇ ಮ್ಯಾಗಜಿನ್ (ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿ) ಹೊತ್ತಿಗೆ ಒಂದೊಂದರ ಬಣ್ಣ ಗೊತ್ತಾಗುತ್ತದೆ.

ನಾನು ಎದುರುಬದುರು ಇಟ್ಟು ನೋಡಿದ್ದು ಇವು: 45 ಎಸಿಪಿ ಹೊಡೆಯುವ ಉಕ್ಕಿನ ಫುಲ್ ಸೈಜ್ 1911, ಅದೇ ಗುಂಡಿನ ಸಿಗ್ ಪಿ220, 10 ಎಂಎಂ ಆಟೊ ಹೊಡೆಯುವ ಗ್ಲಾಕ್ 20, ಆಮೇಲೆ ಎಲ್ಲರೂ ಒಮ್ಮೆಯಾದರೂ ಹೊಡೆಯಬೇಕು ಅಂತ ಆಸೆಪಡುವ ಡೆಸರ್ಟ್ ಈಗಲ್, 50 ಎಇ. 45 ಎಸಿಪಿ, 10 ಎಂಎಂ ಆಟೊ, 50 ಎಇ ಇವು ಗುಂಡಿನ ಹೆಸರುಗಳು; 45, 50 ಅಂದರೆ ಇಂಚಿನ ನೂರನೇ ಭಾಗದ ಲೆಕ್ಕದಲ್ಲಿ ಗುಂಡಿನ ದಪ್ಪ. ನಾಲ್ಕನ್ನೂ ಎರಡು ಕೈಯಲ್ಲಿ ಹಿಡಿದು, ನಿಂತು, 15 ಮತ್ತು 25 ಮೀಟರ್ ದೂರದಲ್ಲಿ ಹೊಡೆದೆ. ಗುರಿ ನೋಡಲು ಪಿಸ್ತೂಲಿನ ಮೇಲಿರುವ ಮಾಮೂಲಿ ಸೈಟ್, ಕೆಂಪು ಚುಕ್ಕೆಯ ಆಪ್ಟಿಕ್ ಇಲ್ಲ.

ಹೆಚ್ಚಿನವರು ಮೊದಲ ಐದು ಗುಂಡಿನ ಗುಂಪು ನೋಡಿ ಪಿಸ್ತೂಲನ್ನು ಅಳೆಯುತ್ತಾರೆ. ನಾನು ಕೊನೆಯ ಮ್ಯಾಗಜಿನ್ ನೋಡುತ್ತೇನೆ. ದೊಡ್ಡ ಗುಂಡಿನಲ್ಲಿ ನಿಜವಾದ ಶತ್ರು ಒದೆತ ಅಲ್ಲ, ಒದೆತ ಬರುತ್ತದೆ ಅನ್ನುವ ಭಯ. ಟ್ರಿಗರ್ ಎಳೆಯುವ ಕ್ಷಣದಲ್ಲಿ ಮಣಿಕಟ್ಟು ತಾನಾಗೇ ಕೆಳಗೆ ಒತ್ತುತ್ತದೆ, ಗುಂಡು ಕಪ್ಪು ವೃತ್ತದ ಕೆಳಗೆ ಹೋಗಿ ಕೂರುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಪಕ್ಕದವರ ಕೈಯಲ್ಲಿ ಮ್ಯಾಗಜಿನ್ ಕೊಟ್ಟು, ಅಸಲಿ ಗುಂಡುಗಳ ನಡುವೆ ಒಂದೆರಡು ಡಮ್ಮಿ ಸೇರಿಸಿ ತುಂಬಲು ಹೇಳಿ. ಡಮ್ಮಿ ಬಂದಾಗ 'ಟಿಕ್' ಅಂತ ಸದ್ದು ಮಾತ್ರ. ಆ ಹೊತ್ತಿಗೆ ಪಿಸ್ತೂಲಿನ ಮೂತಿ ಎಷ್ಟು ಕೆಳಗೆ ಬಿತ್ತು ನೋಡಿ. ಯಾವ ಪಿಸ್ತೂಲಿನಲ್ಲಿ ಮೂತಿ ಅಲ್ಲಾಡುವುದಿಲ್ಲವೋ ಅದು ನಿಮ್ಮದು. ಉಳಿದದ್ದೆಲ್ಲ ಆಮೇಲಿನ ಮಾತು.

ಲೆಕ್ಕ ಸ್ವಲ್ಪ ಹೇಳುತ್ತೇನೆ, ಬೇಜಾರಾದರೆ ಮುಂದಿನ ಪ್ಯಾರಾಕ್ಕೆ ಹೋಗಿ. 45 ಎಸಿಪಿಯ ಮಾಮೂಲಿ ಗುಂಡು 230 ಗ್ರೇನ್, ಅಂದರೆ ಸುಮಾರು 15 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 255 ಮೀಟರ್. ಶಬ್ದದ ವೇಗಕ್ಕಿಂತ ಕಡಿಮೆ. ಶಕ್ತಿ ಸುಮಾರು 500 ಜೂಲ್. 10 ಎಂಎಂನಲ್ಲಿ ಪೂರ್ತಿ ಬಿಸಿ ಲೋಡ್, ಅಂದರೆ ಜೋರು ಮದ್ದು ತುಂಬಿದ ಗುಂಡು, ಹಾಕಿದರೆ 800 ಜೂಲ್ ದಾಟುತ್ತದೆ. 50 ಎಇ ಹೆಚ್ಚುಕಡಿಮೆ 2000 ಜೂಲ್, 45ರ ನಾಲ್ಕು ಪಟ್ಟು. ಒಳಗಿನ ಒತ್ತಡದಲ್ಲೂ ವ್ಯತ್ಯಾಸ ಇದೆ. 45ರ ಮಿತಿ 21,000 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ), 10 ಎಂಎಂನದು 37,500. ಹಾಗಾಗಿ 45 ಕೈಯನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತದೆ, 10 ಎಂಎಂ ಚುರುಕಾಗಿ ಹೊಡೆಯುತ್ತದೆ. ಸದ್ದೂ ಅಷ್ಟೇ, 45ರದು ದಪ್ಪ, 10ರದು ಚೂಪು.

ಈಗ 1911. ಜಾನ್ ಬ್ರೌನಿಂಗ್ ಮಾಡಿದ ಪಿಸ್ತೂಲು. ಅಮೆರಿಕದ ಸೇನೆ ಇದನ್ನು 1911ರಲ್ಲಿ ತಗೊಂಡಿತು, 1985ರಲ್ಲಿ ಬೆರೆಟ್ಟಾ ಎಂ9 ಆಯ್ಕೆಯಾಗುವವರೆಗೂ ಅಲ್ಲಿ ಇದೇ ಮುಖ್ಯ ಪಿಸ್ತೂಲು. ಇಷ್ಟು ಹಳೆಯದನ್ನು ಇವತ್ತು ಯಾಕೆ ಕೊಳ್ಳಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಟ್ರಿಗರ್. ಬೇರೆ ಬಹುಪಾಲು ಪಿಸ್ತೂಲುಗಳ ಟ್ರಿಗರ್ ಒಂದು ಪಿನ್ ಮೇಲೆ ತೂಗುತ್ತದೆ, ಬೆರಳು ಕಮಾನಿನಲ್ಲಿ ಚಲಿಸಬೇಕು. 1911ರಲ್ಲಿ ಅದು ನೇರ ಹಿಂದಕ್ಕೆ ಸರಿಯುತ್ತದೆ. ಸ್ವಲ್ಪ ಸಡಿಲ, ಆಮೇಲೆ ಗೋಡೆ, ಎರಡು ಕಿಲೋಗಿಂತ ಕಡಿಮೆ ಒತ್ತು, ಗಾಜು ಮುರಿದ ಹಾಗೆ ಹ್ಯಾಮರ್ (ಗುಂಡು ಸಿಡಿಸಲು ಬಡಿಯುವ ಸುತ್ತಿಗೆ) ಬೀಳುತ್ತದೆ. ಬಿಟ್ಟರೆ ಕೂದಲೆಳೆಯಷ್ಟು ಮುಂದೆ ಬಂದು ಮತ್ತೆ ತಯಾರು. ಇದರ ಜೊತೆಗೆ ಖಾಲಿ ಇದ್ದಾಗಲೇ ಒಂದು ಕಿಲೋ ದಾಟುವ ಉಕ್ಕಿನ ಭಾರ, 5 ಇಂಚಿನ ಬ್ಯಾರೆಲ್, ತೆಳ್ಳನೆಯ ಹಿಡಿ. ಡಮ್ಮಿ ಪರೀಕ್ಷೆಯಲ್ಲಿ ನನ್ನ ಕೈ ಅತಿ ಕಡಿಮೆ ಅಲ್ಲಾಡಿದ್ದು ಇದರಲ್ಲೇ. 25 ಮೀಟರಿನಲ್ಲಿ ಕೊನೆಯ ಮ್ಯಾಗಜಿನ್ ಮೊದಲನೆಯದರ ಹಾಗೇ ಇತ್ತು.

45ರಲ್ಲಿ ಇನ್ನೊಂದು ಸಣ್ಣ ಲಾಭ. ಗುಂಡಿನ ವ್ಯಾಸ ಸುಮಾರು 11.4 ಎಂಎಂ. ಗೆರೆ ಮುಟ್ಟಿದರೆ ಮೇಲಿನ ಅಂಕ ಅನ್ನುವ ಲೆಕ್ಕದಲ್ಲಿ 9 ಎಂಎಂಗೆ ಸಿಗದ ಗೆರೆ ಇದಕ್ಕೆ ಒಮ್ಮೊಮ್ಮೆ ಸಿಗುತ್ತದೆ. ಅಮೆರಿಕದ ಬುಲ್ಸ್‌ಐ ಸ್ಪರ್ಧೆಯವರು 25 ಮತ್ತು 50 ಗಜದಲ್ಲಿ ಇವತ್ತಿಗೂ 1911 ಬಿಡದೆ ಇರುವುದಕ್ಕೆ ಮುಖ್ಯ ಕಾರಣ ಟ್ರಿಗರ್, ಇದು ಮೇಲಿನ ಕೊಸರು. ಅವರು ಹೊಡೆಯುವುದು ಸಾಮಾನ್ಯವಾಗಿ 200 ಗ್ರೇನಿನ ಸೆಮಿ ವ್ಯಾಡ್‌ಕಟರ್, ಮೆದು ಲೋಡ್. ಅದರ ಚೂಪು ಅಂಚು ಕಾಗದವನ್ನು ದುಂಡಗೆ ಕತ್ತರಿಸುತ್ತದೆ. ದುಂಡು ತುದಿಯ ಗುಂಡು ಹೊಡೆದರೆ ಕಾಗದ ಹರಿಯುತ್ತದೆ, ಅಂಕ ಎಣಿಸುವಾಗ ಜಗಳ. ಆದರೆ ನಿಮ್ಮ ಕಣ್ಣು ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ಸ್ಪರ್ಧೆಗಳ ಮೇಲಿದ್ದರೆ 45ರ ಆಸೆ ಬಿಡಿ. ಅಲ್ಲಿ 25 ಮೀಟರ್ ಸೆಂಟರ್‌ಫೈರ್ ಪಿಸ್ತೂಲಿಗೆ 9.65 ಎಂಎಂ ಮೇಲಿನ ಮಿತಿ. ಈ ನಾಲ್ಕರಲ್ಲಿ ಒಂದೂ ನಡೆಯುವುದಿಲ್ಲ.

1911ರ ಕಿರಿಕಿರಿಗಳೂ ಇವೆ. ಏಳೆಂಟು ಗುಂಡಿಗೆ ಮ್ಯಾಗಜಿನ್ ಖಾಲಿ. ಹಳೆಯ ಮಾದರಿಯ ಹ್ಯಾಮರ್ ಹೆಬ್ಬೆರಳಿನ ಬುಡದ ಚರ್ಮವನ್ನು ಕಚ್ಚುತ್ತದೆ, ಬಾಲ ಉದ್ದ ಇರುವ ಗ್ರಿಪ್ ಸೇಫ್ಟಿ (ಹಿಡಿಯ ಹಿಂಬದಿಯಲ್ಲಿ ಅಂಗೈ ಒತ್ತುವ ಸೇಫ್ಟಿ) ನೋಡಿ ತಗೊಳ್ಳಿ. ಗುಂಡು ಸಿಕ್ಕಿಕೊಂಡರೆ ಹೆಚ್ಚಾಗಿ ತಪ್ಪು ಪಿಸ್ತೂಲಿನದ್ದಲ್ಲ, ಮ್ಯಾಗಜಿನ್ ತುಟಿಯದು. ನನ್ನ ಕೈಗೆ ಬಂದ ಒಂದು ಮ್ಯಾಗಜಿನ್‌ನಲ್ಲಿ ಕೊನೆಯ ಗುಂಡು ಮೂಗು ಮೇಲೆತ್ತಿ ನಿಲ್ಲುತ್ತಿತ್ತು, ಅದನ್ನು ಬದಲಿಸಿದೆ, ರಗಳೆ ಮುಗಿಯಿತು. ಬಿಚ್ಚಿ ಜೋಡಿಸುವುದು ಒಂದು ಕಲೆ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಭಾಗ ಸ್ಲೈಡ್; ಅದನ್ನು ತಡೆಯುವ ಸ್ಲೈಡ್ ಸ್ಟಾಪನ್ನು ಬ್ಯಾರೆಲ್ ಕೆಳಗಿನ ಲಿಂಕ್ ರಂಧ್ರದೊಳಗೆ ತೂರಿಸಿ, ಸ್ಪ್ರಿಂಗ್ ಒತ್ತಿಕೊಂಡಿರುವ ಸಣ್ಣ ಗುಂಡಿಯನ್ನು ದಾಟಿಸಿ ಕೂರಿಸಬೇಕು. ಆಗ ಕೈ ಜಾರಿದರೆ ಫ್ರೇಮ್ ಮೇಲೆ ಅರ್ಧಚಂದ್ರದ ಗೀರು. ಹಳೆಯ 1911 ಎಲ್ಲಿ ನೋಡಿದರೂ ಆ ಗೀರು ಇದ್ದೇ ಇರುತ್ತದೆ. ಅದಕ್ಕೆ ಶೂಟರ್‌ಗಳು ಇಟ್ಟಿರುವ ಹೆಸರು ಅಷ್ಟು ಗೌರವದ್ದಲ್ಲ.

ಪಿ220 ಬಗ್ಗೆ ಹೆಚ್ಚು ಹೇಳುವುದಿಲ್ಲ. 1970ರ ದಶಕದ ವಿನ್ಯಾಸ, ಸ್ವಿಸ್ ಸೇನೆ ಇದನ್ನೇ 9 ಎಂಎಂನಲ್ಲಿ ಪಿ75 ಅಂತ ಬಳಸಿತು. ನಿಖರತೆಯಲ್ಲಿ ದೂರುವಂಥದ್ದೇನೂ ಇಲ್ಲ, ಎಂಟು ಗುಂಡು, ಸಲೀಸಾಗಿ ಬಿಚ್ಚಬಹುದು. ಮೊದಲ ಗುಂಡು ಡಬಲ್ ಆಕ್ಷನ್, ಅಂದರೆ ಹ್ಯಾಮರನ್ನು ಎತ್ತುವುದೂ ಬೀಳಿಸುವುದೂ ಟ್ರಿಗರೇ, ನಾಲ್ಕೂವರೆ ಕಿಲೋ ಹತ್ತಿರದ ಉದ್ದ ಎಳೆತ, ಎರಡನೆಯದರಿಂದ ಹಗುರ. ರೇಂಜಿನಲ್ಲಿ ಹ್ಯಾಮರನ್ನು ಹೆಬ್ಬೆರಳಲ್ಲಿ ಎಳೆದುಕೊಂಡು ಶುರು ಮಾಡಿದರೆ ಆ ತಕರಾರೂ ಇಲ್ಲ. ಆದರೆ ಬ್ಯಾರೆಲ್ ಕೈಗಿಂತ ಸ್ವಲ್ಪ ಎತ್ತರದಲ್ಲಿ ಕೂತಿದೆ, ಹಾಗಾಗಿ ಅದೇ 45 ಗುಂಡಿಗೆ ಇದರ ಮೂತಿ 1911ಕ್ಕಿಂತ ಜಾಸ್ತಿ ಏಳುತ್ತದೆ. ಅಲ್ಯೂಮಿನಿಯಂ ಫ್ರೇಮಿನದಕ್ಕೆ ಭಾರವೂ ಕಡಿಮೆ. ಒಳ್ಳೆಯ ಪಿಸ್ತೂಲು, 1911 ಇಲ್ಲದಿದ್ದರೆ ಇದನ್ನೇ ಖುಷಿಯಾಗಿ ಹೊಡೆಯುತ್ತಿದ್ದೆ.

ಗ್ಲಾಕ್ 20ರ ವಿಷಯ ಬೇರೆ. ಅದಕ್ಕೂ ಮೊದಲು ಅದರ ಗುಂಡಿನ ಕಥೆ ಕೇಳಿ, ಆಮೇಲೆ ನನ್ನ ಮಾತು ಅರ್ಥವಾಗುತ್ತದೆ. 10 ಎಂಎಂ ಆಟೊ ಬಂದದ್ದು 1983ರಲ್ಲಿ, ಬ್ರೆನ್ ಟೆನ್ ಅನ್ನುವ ಪಿಸ್ತೂಲಿಗೆ. ಆ ಪಿಸ್ತೂಲು ಬೇಗನೆ ಮುಳುಗಿತು, ಗುಂಡು ಉಳಿಯಿತು. 1986ರ ಮಯಾಮಿ ಗುಂಡಿನ ಕಾಳಗದ ನಂತರ ಎಫ್‌ಬಿಐ ಹೊಸ ಗುಂಡು ಹುಡುಕುತ್ತಾ 10 ಎಂಎಂಗೆ ಬಂತು. ಆದರೆ ಅವರು ಆರಿಸಿಕೊಂಡದ್ದು ಪೂರ್ತಿ ಲೋಡ್ ಅಲ್ಲ, ಇಳಿಸಿದ ಲೋಡ್. ಅಷ್ಟೇ ಸಾಕು ಅಂತಾದರೆ ಇಷ್ಟುದ್ದದ ಕೇಸ್ (ಮದ್ದು ತುಂಬುವ ಹಿತ್ತಾಳೆ ಕೊಳವೆ) ಯಾಕೆ ಅಂತ ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಕಂಪನಿಯವರು ಅದನ್ನು ಮೊಟಕು ಮಾಡಿದರು, 1990ರಲ್ಲಿ 40 ಎಸ್ ಅಂಡ್ ಡಬ್ಲ್ಯು ಹುಟ್ಟಿತು. ಅಂದರೆ ತರಬೇತಾದ ಏಜೆಂಟರಿಗೇ ಮೆದು ಲೋಡ್ ಸಾಕು ಅನ್ನಿಸಿತ್ತು. ಶನಿವಾರ ಭಾನುವಾರ ಕಾಗದ ಹೊಡೆಯುವ ನಮಗೆ ಬಿಸಿ ಲೋಡ್ ಯಾಕೆ ಬೇಕು ಹೇಳಿ?

ಗ್ಲಾಕ್ 20ರಲ್ಲಿ ಹಿಡಿಸುವುದು 15 ಗುಂಡಿನ ಮ್ಯಾಗಜಿನ್, ಎಷ್ಟು ಗಲೀಜಾದರೂ ನಡೆಯುವ ಗುಣ, ಬಿಡಿಭಾಗ ಸುಲಭವಾಗಿ ಸಿಗುವುದು. ಸರಿಯಾದ ಕನ್ವರ್ಷನ್ ಬ್ಯಾರೆಲ್ ಹಾಕಿದರೆ 40 ಎಸ್ ಅಂಡ್ ಡಬ್ಲ್ಯು ಕೂಡ ಹೊಡೆಯಬಹುದು. ಹಿಡಿಸದ್ದು ಹಿಡಿ. ಗುಂಡಿನ ಉದ್ದ 32 ಎಂಎಂ, ಅಂಥದ್ದು ಎರಡು ಸಾಲು, ಹಾಗಾಗಿ ಹಿಡಿ ದಪ್ಪ. ಸಣ್ಣ ಕೈಯವರ ಬೆರಳು ಟ್ರಿಗರಿಗೆ ನೇರ ತಲುಪುವುದಿಲ್ಲ, ತಲುಪಿಸಲು ಅಂಗೈ ತಿರುಗಿಸಿದರೆ ಒದೆತ ಹೆಬ್ಬೆರಳ ಕೀಲಿಗೆ ಬೀಳುತ್ತದೆ. ಕೊಳ್ಳುವ ಮೊದಲು ಇದೊಂದನ್ನು ಖಂಡಿತ ನೋಡಿ. ಪಿಸ್ತೂಲಿನ ಭಾರ 800 ಗ್ರಾಂ ಆಸುಪಾಸು ಅಷ್ಟೇ, ಬಿಸಿ ಲೋಡ್ ಹಾಕಿದಾಗ ಆ ಹಗುರತನ ಗೊತ್ತಾಗುತ್ತದೆ. ಟ್ರಿಗರ್ ಎರಡೂವರೆ ಕಿಲೋ, ಸ್ವಲ್ಪ ಸ್ಪಂಜಿನ ಹಾಗೆ, ಅಭ್ಯಾಸವಾಗುತ್ತದೆ, ಪ್ರೀತಿ ಹುಟ್ಟುವುದಿಲ್ಲ. 15 ಮೀಟರಿನಲ್ಲಿ ಮೆದು ಲೋಡಿನಲ್ಲಿ ಇದು 1911ರ ಹತ್ತಿರ ಹತ್ತಿರ ಹೊಡೆಯಿತು. 25ರಲ್ಲಿ ಬಿಸಿ ಲೋಡ್ ಹಾಕಿದೆ, ಗುಂಪು ಕೆಳಗೆ ಎಡಕ್ಕೆ ಹರಡತೊಡಗಿತು. ಪಿಸ್ತೂಲು ಹರಡಲಿಲ್ಲ, ಕೈ ಹರಡಿತು.

ಇನ್ನು ಡೆಸರ್ಟ್ ಈಗಲ್. ಇದನ್ನು ಬೈಯುವುದು ಫ್ಯಾಷನ್ ಆಗಿದೆ, ಆದರೆ ಒಳಗಿನ ಎಂಜಿನಿಯರಿಂಗ್ ನೋಡಿದರೆ ಗೌರವ ಬರುತ್ತದೆ. ಬೇರೆ ಮೂರರಲ್ಲೂ ಒದೆತವೇ ಸ್ಲೈಡನ್ನು ಹಿಂದಕ್ಕೆ ಒಯ್ಯುತ್ತದೆ, ಬ್ಯಾರೆಲ್ ಹಿಂದೆ ಸರಿದು ಕೆಳಕ್ಕೆ ವಾಲುತ್ತದೆ. ಇದರಲ್ಲಿ ಬ್ಯಾರೆಲ್ ಅಲ್ಲಾಡುವುದೇ ಇಲ್ಲ. ಬ್ಯಾರೆಲಿನಿಂದ ಒಂದಿಷ್ಟು ಗ್ಯಾಸ್ ಕದ್ದು, ಪಿಸ್ಟನ್ ತಳ್ಳಿ, ಸ್ಲೈಡನ್ನು ಓಡಿಸಿ, ತಿರುಗುವ ಬೋಲ್ಟ್ ಬಿಚ್ಚುತ್ತದೆ. ರೈಫಲ್ ಕೆಲಸ ಮಾಡುವ ರೀತಿ. ಅದಕ್ಕೇ ನಿಖರತೆ ನಿಜವಾಗಿಯೂ ಚೆನ್ನಾಗಿದೆ, ಮೊದಲ ಮೂರು ಗುಂಡು ಒಂದೇ ಕಡೆ ಕೂತದ್ದು ನೋಡಿ ನನಗೇ ಆಶ್ಚರ್ಯ. ಭಾರ ಎರಡು ಕಿಲೋ ಹತ್ತಿರ, ಆ ಭಾರ ಮತ್ತು ಗ್ಯಾಸ್ ವ್ಯವಸ್ಥೆ ಸೇರಿ ಒದೆತವನ್ನು ಹಂಚಿಬಿಡುತ್ತವೆ. ಜನ ಹೆದರಿಸುವಷ್ಟು ಮಣಿಕಟ್ಟು ಮುರಿಯುವುದಿಲ್ಲ. ಆದರೆ ಸದ್ದು, ಬೆಂಕಿ, ಮೇಲಕ್ಕೆ ಏಳುವ ಮೂತಿ, ಇವೆಲ್ಲ ಸೇರಿ ಎರಡನೇ ಮ್ಯಾಗಜಿನ್‌ಗೇ ಮನಸ್ಸು ಹಿಂಜರಿಯುತ್ತದೆ. ಸೂರು ಇರುವ ರೇಂಜಿನಲ್ಲಿ ಕಿವಿಗೆ ಪ್ಲಗ್ ಹಾಕಿ, ಅದರ ಮೇಲೆ ಮಫ್ ಹಾಕಿ. ಪಕ್ಕದ ಲೇನಿನವರು ಒಮ್ಮೆ ತಿರುಗಿ ನೋಡುತ್ತಾರೆ, ಎರಡನೇ ಸಲ ಗಂಟುಮುಖ ಹಾಕುತ್ತಾರೆ.

ಇದರ ಮಡಿ ಮೈಲಿಗೆಗಳೂ ಜಾಸ್ತಿ. ಬರಿ ಸೀಸದ ಗುಂಡು ಹೊಡೆಯಬಾರದು, ಗ್ಯಾಸ್ ರಂಧ್ರ ಕಟ್ಟಿಕೊಳ್ಳುತ್ತದೆ. ಕೈ ಸಡಿಲ ಬಿಟ್ಟು ಹಿಡಿದರೆ ಸಿಕ್ಕಿಕೊಳ್ಳುತ್ತದೆ. ಮ್ಯಾಗಜಿನ್ ಒಳಗೆ ಸ್ವಲ್ಪ ಸಡಿಲವಾಗಿ ತೂಗಾಡುವಂತೆ ಮಾಡಿರುವುದರಿಂದ ಎಡಗೈಯನ್ನು ಅದರ ಬುಡಕ್ಕೆ ಆತುಕೊಟ್ಟು ಒತ್ತಿದರೂ ತೊಂದರೆ. ಗುಂಡಿನ ಉದ್ದ ಸುಮಾರು 41 ಎಂಎಂ, ಹಿಡಿ ಹೇಗಿರುತ್ತದೆ ಅಂತ ನೀವೇ ಊಹಿಸಿ. ಏಳು ಗುಂಡಿನ ಮ್ಯಾಗಜಿನ್, ಗುಂಡಿಗೆ 45ರ ಹಲವು ಪಟ್ಟು ಖರ್ಚು. ಇದೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ: 44 ಮ್ಯಾಗ್ನಮ್. 50 ಎಇ ಕೇಸಿನ ಹಿಂದಿನ ಅಂಚನ್ನು 44 ಮ್ಯಾಗ್ನಮ್ ಅಳತೆಗೇ ಮಾಡಿರುವುದರಿಂದ ಬೋಲ್ಟ್ ಬದಲಿಸಬೇಕಿಲ್ಲ, ಬ್ಯಾರೆಲ್ ಮತ್ತು ಮ್ಯಾಗಜಿನ್ ಬದಲಿಸಿದರೆ ಸಾಕು. ಎಂಟು ಗುಂಡು, ಒದೆತ ಎಷ್ಟೋ ಮೆದು. ನನಗೆ ಕೇಳಿದರೆ ಈ ಪಿಸ್ತೂಲಿಗೆ ಹೊಂದುವ ಗುಂಡು ಅದೇ. 50 ಸುಮ್ನೆ ಹೆಸರಿಗೆ.

ಮನೆಯಲ್ಲಿ ಗುಂಡು ತುಂಬಿಕೊಳ್ಳುವವರಿಗೆ 45ರಷ್ಟು ಸಾಧು ಇನ್ನೊಂದಿಲ್ಲ. ಒತ್ತಡ ಕಡಿಮೆ, ಹಿತ್ತಾಳೆ ಕೇಸ್ ತುಂಬಾ ಸಲ ಬಾಳುತ್ತದೆ, ಬ್ಯಾರೆಲ್‌ನಿಂದ ಹೆಚ್ಚು ದೂರ ಹಾರುವುದೂ ಇಲ್ಲ. ಒಂದೇ ಎಚ್ಚರಿಕೆ: 45 ಕೇಸ್‌ಗಳಲ್ಲಿ ದೊಡ್ಡ ಪ್ರೈಮರ್, ಸಣ್ಣ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಬಿಲ್ಲೆ) ಎರಡೂ ಬರುತ್ತವೆ, ಬೇರೆ ಬೇರೆ ಆರಿಸಿ ಇಟ್ಟುಕೊಳ್ಳಿ. 10 ಎಂಎಂ ಕೇಸ್ ಎಲ್ಲೆಲ್ಲಿಗೋ ಎಗರುತ್ತದೆ, ಹುಡುಕುತ್ತಾ ಕೂರಬೇಕು. ಜೊತೆಗೆ ಗ್ಲಾಕ್‌ನ ಬ್ಯಾರೆಲ್ಲಿಗೆ ಬರಿ ಸೀಸದ ಗುಂಡು ಬೇಡ ಅಂತ ತಯಾರಕರೇ ಹೇಳುತ್ತಾರೆ.

ನನ್ನ ಆಯ್ಕೆ 1911, ಅದೂ ಉಕ್ಕಿನ ಫ್ರೇಮ್, 5 ಇಂಚು, ಸೈಟ್ ಹೊಂದಿಸಲು ಬರುವಂಥದ್ದು. ಕೈ ದೊಡ್ಡದಿದ್ದು, ರೇಂಜಿನ ಜೊತೆ ಬೇರೆ ಕೆಲಸಕ್ಕೂ ಒಂದೇ ಪಿಸ್ತೂಲು ಸಾಕು ಅನ್ನುವವರು ಗ್ಲಾಕ್ 20 ತಗೊಳ್ಳಿ, ಆದರೆ ಮೆದು ಲೋಡಿನಿಂದ ಶುರು ಮಾಡಿ. ಡೆಸರ್ಟ್ ಈಗಲ್ ಬಾಡಿಗೆಗೆ ಸಿಕ್ಕರೆ ಒಂದು ಮ್ಯಾಗಜಿನ್ ಹೊಡೆದು ವಾಪಸ್ ಕೊಡಿ.

1911ನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅಲ್ಲೇ ನಿಂತು ಒಂದು ಪರೀಕ್ಷೆ ಮಾಡಿ. ಮ್ಯಾಗಜಿನ್ ತೆಗೆದು, ಬ್ಯಾರೆಲಿನ ಹಿಂದೆ ಗುಂಡು ಕೂರುವ ಚೇಂಬರಿನಲ್ಲಿ ಏನೂ ಇಲ್ಲ ಅಂತ ಎರಡು ಸಲ ನೋಡಿ, ಮೂತಿಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಹ್ಯಾಮರ್ ಎಳೆದು ನಿಲ್ಲಿಸಿ. ಹೆಬ್ಬೆರಳ ಸೇಫ್ಟಿ ಮೇಲೆತ್ತಿ, ಹಿಡಿಯನ್ನು ಗಟ್ಟಿಯಾಗಿ ಹಿಡಿದು ಟ್ರಿಗರನ್ನು ಒಮ್ಮೆ ಒತ್ತಿ ಬಿಡಿ. ಈಗ ಬೆರಳು ಹೊರಗಿಟ್ಟುಕೊಂಡು ಸೇಫ್ಟಿ ಇಳಿಸಿ. ಹ್ಯಾಮರ್ ಅಲ್ಲೇ ನಿಂತಿದ್ದರೆ ಮುಂದಿನ ಮಾತು ಆಡಿ. ಬಿದ್ದರೆ, ಅಥವಾ ಸೇಫ್ಟಿ ಇಳಿಸಿದ ಮೇಲೆ ಹ್ಯಾಮರನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಇನ್ನಷ್ಟು ಹಿಂದಕ್ಕೆ ಎಳೆದಾಗ ಒಳಗಿನಿಂದ ಸಣ್ಣ 'ಟಕ್' ಕೇಳಿಸಿದರೂ, ಅದನ್ನು ಮೇಜಿನ ಮೇಲಿಟ್ಟು ಬೇರೊಂದು ತೋರಿಸಿ ಅನ್ನಿ.