ಬೋನ್ಸಾಯ್ ಜೊತೆಗೆ ಯಾವ ಕಾಕೆಜಿಕು: ಚಿತ್ರವೋ, ಅಕ್ಷರವೋ?

ತೊಕೊನೊಮಾದಲ್ಲಿ (ಜಪಾನಿ ಕೋಣೆಯ ಗೋಡೆಯಲ್ಲಿ ಅಲಂಕಾರಕ್ಕೆಂದೇ ಬಿಟ್ಟ ಗೂಡಿನಂಥ ಜಾಗ) ಬೋನ್ಸಾಯ್ ಇಟ್ಟು ಹಿಂದೆ ಕಾಕೆಜಿಕು (ಗೋಡೆಗೆ ನೇತುಹಾಕುವ ಚಿತ್ರದ ಇಲ್ಲವೇ ಅಕ್ಷರದ ಸುರುಳಿ) ತೂಗುಹಾಕಬೇಕು ಅಂದರೆ ಮೊದಲ ಪ್ರಶ್ನೆ ಇದೇ. ನನ್ನ ಓಟು ಮಸಿಯ ಚಿತ್ರಕ್ಕೆ. ಕೆಂಪಾದ ಮೇಪಲ್ ಹಿಂದೆ ಒಂದು ಚಂದ್ರ ಸಾಕು, ಜಪಾನಿನಲ್ಲಿ ಚಂದ್ರ ಅಂದರೆ ಶರತ್ಕಾಲ ಅಂತ ನೋಡುವವರಿಗೆ ತಾನಾಗೇ ಹೊಳೆಯುತ್ತದೆ. ಪೈನ್ ಮರಕ್ಕೆ ದೂರದ ಬೆಟ್ಟ, ಹೊಸ ವರ್ಷಕ್ಕಾದರೆ ಉದಯಿಸುವ ಸೂರ್ಯ. ಮಸಿ ತೆಳುವಾಗಿದ್ದು ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಮರದ ಕೊಂಬೆ ಎದ್ದು ಕಾಣುತ್ತದೆ.

ಬಣ್ಣದ ಹೂವಿನ ಚಿತ್ರ ಅಂಗಡಿಯಲ್ಲಿ ಬಹಳ ಚೆನ್ನಾಗಿರುತ್ತದೆ, ಆದರೆ ಹೂಬಿಟ್ಟ ಮರದ ಪಕ್ಕ ಎರಡೂ ಪೈಪೋಟಿಗೆ ಬೀಳುತ್ತವೆ. ಉಮೆ (ಜಪಾನಿ ಏಪ್ರಿಕಾಟ್) ಮರದ ಹಿಂದೆ ಉಮೆ ಹೂವಿನದೇ ಚಿತ್ರ ಬೇಡವೇ ಬೇಡ. ಇದ್ದದ್ದನ್ನೇ ಮತ್ತೆ ಹೇಳಿ ಏನು ಪ್ರಯೋಜನ, ಅಲ್ವಾ?

ಕುಂಚದ ಅಕ್ಷರಗಳು ಗಂಭೀರ, ಚಹಾ ಕೋಣೆಗೆ ಹೇಳಿ ಮಾಡಿಸಿದ ಹಾಗಿರುತ್ತವೆ. ಋತುವಿನ ಮಾತಿಲ್ಲದ ಸಾಲಾದರೆ ವರ್ಷವಿಡೀ ನಡೆಯುತ್ತದೆ. ಆದರೆ ಅರ್ಥ ತಿಳಿಯದೆ ಸುಮ್ನೆ ಅಂದಕ್ಕೆ ಕೊಳ್ಳಬೇಡಿ. ಜೊತೆಗೆ, ದಪ್ಪ ಕಪ್ಪು ಗೆರೆ ಸಣ್ಣ ಮರವನ್ನು ನುಂಗಿಬಿಡುತ್ತದೆ.

ಜಪಾನಿನ ಸೈತಾಮಾದ ಓಮಿಯಾ ಬೋನ್ಸಾಯ್ ಮ್ಯೂಸಿಯಂಗೆ ಹೋದರೆ ಶಿನ್ (ಔಪಚಾರಿಕ), ಗ್ಯೋ (ಅರೆ ಔಪಚಾರಿಕ), ಸೋ (ಅನೌಪಚಾರಿಕ) ಎಂಬ ಮೂರು ಬಗೆಯ ಕೋಣೆಗಳಲ್ಲಿ ಈ ಜೋಡಣೆ ನೋಡಬಹುದು. ಕೊಳ್ಳುವ ಮುಂಚೆ ಗೋಡೆಯ ಎತ್ತರ ಅಳೆದುಕೊಳ್ಳಿ.